ಪುಟ್ ಆಫ್ ಎಂದರೆ ಆರಿಸುವುದು ತಾನೇ

ನನ್ನ ಅಕ್ಕನ ಗಂಡನನ್ನು ಬೀದಿಯಲ್ಲಿ ಎಲ್ಲರೂ ಅಪ್ಪಣ್ಣ ಎನ್ನುತ್ತಾರೆ. ಹೊಸಬರು ಅದು ಹೆತ್ತವರು ಇಟ್ಟ ಹೆಸರು ಎಂದುಕೊಳ್ಳುತ್ತಾರೆ. ಅಲ್ಲ, ಅದು ಅವರು ಕೆಲಸ ಮಾಡುವ ಲಾಂಡ್ರಿಯ ಇಸ್ತ್ರಿಯವರು ಕಟ್ಟಿದ ಹೆಸರು. ಯಾವ ಇಂಗ್ಲಿಷ್ ಮಾತು ಬಾಯಿಗೆ ಬಂದರೂ ಅದರ ಹಿಂದೊಂದು ‘ಅಪ್’ ಸೇರಿಸದೆ ಭಾವನಿಗೆ ಸಮಾಧಾನವಿಲ್ಲ. ವಾಷಿಂಗ್ ಅಪ್ ಆಯಿತು, ಡ್ರೈಯಿಂಗ್ ಅಪ್ ನಡೀತಿದೆ, ಇಸ್ತ್ರಿ ಅಪ್ ಬಾಕಿ ಇದೆ. ಅಪ್ ಅನ್ನುವ ಅಣ್ಣ, ಹಾಗಾಗಿ ಅಪ್ಪಣ್ಣ. ಈ ಗುಟ್ಟು ಭಾವನಿಗೂ ಗೊತ್ತು. ಬೇಜಾರಿರಲಿಲ್ಲ, ಇಂಗ್ಲಿಷಿನಿಂದ ಬಂದ ಬಿರುದು ಎಂದು ಒಳಗೊಳಗೇ ಹಿಗ್ಗುತ್ತಿದ್ದರು.

ಲಾಂಡ್ರಿಯಲ್ಲಿ ಭಾವ ನಿಲ್ಲುವುದು ಮುಂದಿನ ಕೌಂಟರಿನಲ್ಲಿ. ಹಿಂದೆ ಬಾಯ್ಲರಿನ ಹಬೆ, ಒದ್ದೆ ಬಟ್ಟೆಯ ವಾಸನೆ, ಉದ್ದ ಮೇಜುಗಳ ಮೇಲೆ ಬುಸುಗುಡುವ ಇಸ್ತ್ರಿಪೆಟ್ಟಿಗೆಗಳು. ಮುಂದೆ ಹೋಟೆಲಿನವರು, ಕಂಪನಿಯವರು, ಕೋಟು ಹಿಡಿದು ಬರುವ ಗಿರಾಕಿಗಳು. ಅವರ ಬಾಯಿಂದ ಉದುರಿದ ಇಂಗ್ಲಿಷನ್ನೇ ಭಾವ ಹೆಕ್ಕಿಕೊಂಡು ಕಲಿತರು. ಶಾಲೆಯನ್ನು ಅರ್ಧಕ್ಕೆ ಬಿಟ್ಟವರು ಅಷ್ಟು ಕಲಿತದ್ದು ಸಣ್ಣ ಮಾತಲ್ಲ, ಅದನ್ನು ನಾನೂ ಒಪ್ಪುತ್ತೇನೆ. ಎಡವಟ್ಟಾಗುತ್ತಿದ್ದದ್ದು ಮಾತಿನ ಹಿಂದೆ ಅಂಟುವ ಅಪ್, ಆಫ್, ಡೌನ್ ಎಂಬ ಬಾಲಗಳಲ್ಲಿ. ಒಮ್ಮೆ ವಕೀಲರೊಬ್ಬರಿಗೆ ‘ಯುವರ್ ಕೋಟ್ ಈಸ್ ಫಿನಿಶ್ಡ್ ಆಫ್’ ಎಂದುಬಿಟ್ಟರು, ಕೋಟು ಸಿದ್ಧ ಎನ್ನಲು ಹೋಗಿ ಕೋಟಿನ ಕಥೆ ಮುಗಿಯಿತು ಎಂದ ಹಾಗೆ. ಮಗಳ ಮದುವೆಗೆಂದು ಹೊಲಿಸಿದ ಕೋಟು ಅದು, ವಕೀಲರ ಮುಖ ಬಿಳಿಚಿಕೊಂಡಿತು. ಯಾರಾದರೂ ದೂರು ತಂದರೆ ‘ಐ ವಿಲ್ ಲುಕ್ ಡೌನ್ ಆನ್ ಇಟ್’ ಎಂದು, ವಿಚಾರಿಸುತ್ತೇನೆ ಎನ್ನುವ ಬದಲು ಕೀಳಾಗಿ ಕಾಣುತ್ತೇನೆ ಎಂದು, ಎದೆ ಮುಟ್ಟಿಕೊಂಡು ಭರವಸೆ ಕೊಡುತ್ತಿದ್ದರು.

ನಗುವುದು ಸುಲಭ. ಆದರೆ ನಮ್ಮ ಮಾತಿನಲ್ಲೇನು ಇಂಥದ್ದು ಕಡಿಮೆ ಇದೆಯೇ? ಕೈ ಕೊಡುವುದು ಬೇರೆ, ಕೈ ಹಿಡಿಯುವುದು ಬೇರೆ, ಕೈ ಬಿಡುವುದು ಬೇರೆ, ಕೈ ಮಾಡುವುದು ಬೇರೆ. ಹೊರಗಿನವರು ಬಂದು ಕಷ್ಟದಲ್ಲಿದ್ದ ನಮಗೆ ‘ನಾನು ಕೈ ಕೊಡ್ತೀನಿ’ ಎಂದರೆ ನಾವೂ ಬಾಯಿ ಮುಚ್ಚಿಕೊಂಡು ನಗುತ್ತೇವೆ. ಇಂಗ್ಲಿಷಿನವರದ್ದೂ ಅದೇ ಆಟ, ತಲೆ ಒಂದೇ, ಬಾಲ ಬದಲಾದರೆ ಅರ್ಥ ತಲೆಕೆಳಗು. ಭಾವನಿಗೆ ಅದು ತಿಳಿಯದ್ದು ತಪ್ಪಲ್ಲ. ತಿಳಿದಿದೆ ಎಂದು ಓಡಾಡಿದ್ದು ತಪ್ಪು.

ಅಕ್ಕನ ಮಗಳು ಲ್ಯಾಬ್ ಕೋರ್ಸು ಮುಗಿಸಿ, ದೊಡ್ಡ ಆಸ್ಪತ್ರೆಯೊಂದರ ರಕ್ತ ಪರೀಕ್ಷೆಯ ವಿಭಾಗಕ್ಕೆ ಅರ್ಜಿ ಹಾಕಿದಳು. ಅವಳ ಜೊತೆ ಓದಿದವರೆಲ್ಲ ಆ ಕೆಲಸದ ಮೇಲೆ ಕಣ್ಣಿಟ್ಟಿದ್ದರು. ಪುಸ್ತಕದ ಇಂಗ್ಲಿಷ್ ಅವಳಿಗೆ ಚೆನ್ನಾಗಿ ಬರುತ್ತಿತ್ತು, ಫೋನಿನಲ್ಲಿ ಮಾತ್ರ ನಾಲಿಗೆ ತೊಡರುತ್ತಿತ್ತು. ‘ನನ್ನ ನಂಬರ್ ಕೊಡಮ್ಮ, ಅವರ ಹತ್ರ ಮಾತಾಡೋದು ನಂಗೆ ಬಿಡು’ ಎಂದು ಭಾವ ಹೇಳಿದರು. ಅವಳು ಕೊಟ್ಟಳು. ಇಂಟರ್‌ವ್ಯೂಗೆ ದಿನ ಗೊತ್ತಾಯಿತು. ಅಕ್ಕ ಅವಳಿಗೆ ಹೊಸ ಚಪ್ಪಲಿ ತಂದಳು.

ಇಂಟರ್‌ವ್ಯೂಗೆ ಇನ್ನೇನು ಎರಡು ದಿನ ಎನ್ನುವಾಗ ಭಾವ ಲಾಂಡ್ರಿಯಿಂದ ಮುಖ ಕೆಂಪಗೆ ಮಾಡಿಕೊಂಡು ಬಂದರು. ನಾನೂ ಅಕ್ಕನ ಮನೆಯಲ್ಲೇ ಇದ್ದೆ, ನಮ್ಮ ಮನೆ ಅದೇ ಕಟ್ಟಡದ ಮೇಲಿನ ಮಹಡಿಯಲ್ಲಿ.

‘ಆಫ್ ಆಯ್ತು ಕಣಮ್ಮ,’ ಎಂದರು ಮಗಳಿಗೆ. ‘ಆಸ್ಪತ್ರೆಯಿಂದ ಒಬ್ಬ ಮೇಡಂ ಫೋನ್ ಮಾಡಿದ್ರು. ಪುಟ್ ಆಫ್ ಮಾಡಿದೀವಿ ಅಂದ್ರು. ಸಾಲದು ಅಂತ ಕಾಲ್ ಬ್ಯಾಕ್ ಬೇರೆ. ಕರೆದಿದ್ದನ್ನ ವಾಪಸ್ ತಗೊಂಡ್ರಂತೆ.’

‘ಯಾಕಂತೆ?’ ಎಂದಳು ಅಕ್ಕ.

‘ಯಾಕೆ ಅಂತ ಕೇಳಿಸ್ಕೊಳ್ಳೋಕೆ ನಾನೇನು ಭಿಕ್ಷೆಗೆ ನಿಂತಿದ್ನಾ? ವೀ ಆಲ್ಸೋ ಟರ್ನ್ ಡೌನ್ ಅಂದೆ, ನಮಗೂ ಬೇಡ ಅಂತ. ಆರ್ ಯೂ ಶೂರ್ ಅಂದ್ಲು. ಹಂಡ್ರೆಡ್ ಪರ್ಸೆಂಟ್ ಅಂದೆ. ಇಸ್ತ್ರಿಯವರೆಲ್ಲ ಕೆಲಸ ನಿಲ್ಲಿಸಿ ನೋಡ್ತಿದ್ರು.’

ಅಕ್ಕನಿಗೆ ಗಂಡನ ಮೇಲೆ ಹೆಮ್ಮೆಯೇ ಆಯಿತು. ಮಗಳು ಎದ್ದು ಒಳಗೆ ಹೋದಳು. ತನ್ನ ಅಂಕಗಳು ಸಾಲಲಿಲ್ಲ ಎಂದುಕೊಂಡು ವಾರವಿಡೀ ಸೊರಗಿದಳು.

ನಿಜ ಹೊರಬಿದ್ದದ್ದು ಅವಳ ಗೆಳತಿಯಿಂದ. ಆ ಹುಡುಗಿ ಅದೇ ಆಸ್ಪತ್ರೆಯಲ್ಲಿ ಇಂಟರ್‌ವ್ಯೂ ಮುಗಿಸಿ, ಕೆಲಸ ಸಿಕ್ಕ ಸುದ್ದಿ ಹೇಳಲು ಬಂದಳು. ‘ನೀನು ಯಾಕೆ ಬೇಡ ಅಂದೆ? ಪಟ್ಟಿಯಲ್ಲಿ ನಿನ್ನ ಹೆಸರೇ ಮೊದಲಿತ್ತಂತೆ’ ಎಂದಳು. ಅಕ್ಕನ ಮಗಳು ತಂದೆಯ ಕಡೆ ತಿರುಗಿದಳು.

‘ಅಪ್ಪಾ, ಅವರು ಪುಟ್ ಆಫ್ ಅಂತಾನೇ ಅಂದಿದ್ದಾ?’

‘ಹೌದು. ಪುಟ್ ಆಫ್ ಅಂದ್ರೆ ಆರಿಸೋದು ತಾನೇ? ಲೈಟ್ ಪುಟ್ ಆಫ್ ಮಾಡು ಅಂತ ದಿನಾ ಹೇಳ್ತೀವಲ್ಲ.’

‘ಮುಂದಕ್ಕೆ ಹಾಕಿದೀವಿ ಅಂದಿದ್ದಾರಪ್ಪ. ಕಾಲ್ ಬ್ಯಾಕ್ ಅಂದ್ರೆ ಮತ್ತೆ ಫೋನ್ ಮಾಡ್ತೀವಿ ಅಂತ.’

ಭಾವ ಕೂತಲ್ಲೇ ಕುಗ್ಗಿಹೋದರು. ಬದುಕೆಲ್ಲ ತಪ್ಪು ಬಾಲ ಅಂಟಿಸಿಕೊಂಡೇ ಮಾತಾಡಿದ ಮನುಷ್ಯ. ಟರ್ನ್ ಡೌನ್ ಒಂದನ್ನು ಮಾತ್ರ ಹೋಟೆಲಿನವರಿಂದ ಸರಿಯಾಗಿ ಕಲಿತಿದ್ದರು, ಕಲೆ ಉಳಿದ ಬೆಡ್‌ಶೀಟುಗಳನ್ನು ಅವರು ಹಾಗೆ ಹೇಳಿಯೇ ಹಿಂದಕ್ಕೆ ಕಳಿಸುತ್ತಿದ್ದರು. ಸರಿಯಾಗಿ ಬಂದ ಆ ಒಂದೇ ಮಾತು ಮಗಳ ಕೆಲಸ ತಿಂದುಹಾಕಿತ್ತು.

ಆಮೇಲಿನ ದಿನಗಳಲ್ಲಿ ಅವರನ್ನು ನೋಡಲು ನನಗೇ ಸಂಕಟವಾಗುತ್ತಿತ್ತು. ಮಗಳು ಊಟಕ್ಕೆ ಕೂತರೆ ಇವರು ಏನೋ ನೆಪ ತೆಗೆದು ಹೊರಗೆ ಹೋಗುವರು. ಕೌಂಟರಿನಲ್ಲಿ ಇಂಗ್ಲಿಷ್ ನಿಂತುಹೋಯಿತು. ಗಿರಾಕಿಗಳಿಗೆ ‘ಆಯ್ತು’, ‘ನಾಳೆ’, ಅಷ್ಟೇ. ಇಸ್ತ್ರಿಯವರು ಅಪ್ಪಣ್ಣ ಎಂದು ಕೂಗಿದರೆ ಬೈಸಿಕೊಂಡವರ ಹಾಗೆ ತಲೆ ತಗ್ಗಿಸುತ್ತಿದ್ದರು. ಮಗಳೇ ಒಂದು ಸಂಜೆ ಹತ್ತಿರ ಹೋಗಿ, ‘ಬಿಡಪ್ಪಾ, ಗೊತ್ತಿಲ್ಲದೆ ಆಗಿದ್ದು. ನಾನು ಫೋನಿಗೆ ಹೆದರಿ ನಿನ್ನ ಮೇಲೆ ಹಾಕಿದ್ದೂ ತಪ್ಪೇ’ ಎಂದಳು. ಅವಳ ಮನಸ್ಸು ದೊಡ್ಡದು. ಅವಳ ಜಾಗದಲ್ಲಿ ನಾನಿದ್ದಿದ್ದರೆ ಮನೆ ಎರಡಾಗುತ್ತಿತ್ತು.

ಒಮ್ಮೆ ಹೋಗಿ ಕೇಳಿಬರೋಣ ಎಂದು ಅವಳೇ ಹೊರಡಿಸಿದಳು. ‘ನಾನು ಬರಲ್ಲ, ಯಾವ ಮುಖ ಇಟ್ಕೊಂಡು ಬರ್ಲಿ?’ ಎಂದು ಭಾವ ತುಂಬ ಕೊಸರಾಡಿದರು. ಅಕ್ಕ ನನ್ನನ್ನೂ ಜೊತೆಗೆ ಕಳಿಸಿದಳು. ಆಸ್ಪತ್ರೆಯ ಎರಡನೆಯ ಮಹಡಿಯಲ್ಲಿ, ಗಾಜಿನ ಬಾಗಿಲಿನ ಸಣ್ಣ ಕೋಣೆಯಲ್ಲಿ, ಫೋನ್ ಮಾಡಿದ್ದ ಆ ಮೇಡಂ ಕೂತಿದ್ದರು. ನನ್ನ ವಯಸ್ಸಿನವರೇ. ಭಾವ ಕುರ್ಚಿಯ ತುದಿಯಲ್ಲಿ ಕೂತು, ನಮ್ಮ ಭಾಷೆಯಲ್ಲೇ, ತಪ್ಪು ತಮ್ಮದೆಂದೂ ಮಗಳಿಗೆ ಏನೂ ಗೊತ್ತಿರಲಿಲ್ಲವೆಂದೂ ಹೇಳಿದರು. ಅವರು ಅಷ್ಟು ಮೆತ್ತಗೆ ಮಾತಾಡಿದ್ದನ್ನು ನಾನು ಕೇಳಿರಲಿಲ್ಲ.

ಆ ಹೆಂಗಸಿಗೂ ಬೇಸರವಾಯಿತು. ‘ಅಯ್ಯೋ, ಜಾಗ ತುಂಬಿಹೋಯ್ತಲ್ಲ ಸರ್,’ ಎಂದರು ನಮ್ಮ ಭಾಷೆಯಲ್ಲೇ. ‘ನಂಗೆ ಅವತ್ತೇ ಅನುಮಾನ ಬಂತು. ಅದಕ್ಕೇ ಕೇಳಿದ್ದು, ನಮ್ಮ ಭಾಷೇಲೇ ಹೇಳ್ಲಾ ಅಂತ. ನೀವು ನೋ ನೋ, ಇಂಗ್ಲಿಷ್ ಓನ್ಲಿ ಅಂದ್ರಿ. ಮತ್ತೆ ಕೇಳಿದ್ರೆ ನಿಮಗೆ ಅವಮಾನ ಆಗತ್ತೇನೋ ಅಂತ ಸುಮ್ನಾದೆ.’

ಭಾವ ಮನೆಯಲ್ಲಿ ಎಲ್ಲವನ್ನೂ ಹೇಳಿದ್ದರು, ಇದೊಂದನ್ನು ಬಿಟ್ಟು.

ಮಗಳು ತಂದೆಯ ಮುಖವನ್ನೇ ನೋಡಿದಳು. ಗೊತ್ತಿಲ್ಲದೆ ಆಗಿದ್ದು ಎಂದು ಅವಳು ಕ್ಷಮಿಸಿದ್ದಳು. ಗೊತ್ತು ಮಾಡಿಕೊಳ್ಳುವ ದಾರಿಯನ್ನು ಆ ಮೇಡಂ ತಾವಾಗಿಯೇ ತೆರೆದಿದ್ದರು, ಭಾವ ಇಸ್ತ್ರಿಯವರ ಮುಂದೆ ಮಾನ ಹೋಗುತ್ತದೆಂದು ಮುಚ್ಚಿದ್ದರು. ನನಗೆ ರೇಗಿಹೋಯಿತು, ಪರಸ್ಥಳ ಎಂದು ಹಲ್ಲು ಕಚ್ಚಿಕೊಂಡೆ. ಮಗಳು ಎದ್ದು ನಿಂತು, ಒಂದು ಕಡೆಯೂ ತೊಡರದ ಇಂಗ್ಲಿಷಿನಲ್ಲಿ ಮೇಡಂಗೆ ಥ್ಯಾಂಕ್ಸ್ ಹೇಳಿ ಹೊರಗೆ ನಡೆದಳು.

ಮೆಟ್ಟಿಲು ಇಳಿಯುವಾಗ ಅವಳು ಮುಂದೆ, ನಾನು ಹಿಂದೆ. ಭಾವ ಕಂಬಿ ಹಿಡಿದು ಅರ್ಧದಲ್ಲೇ ನಿಂತರು. ಅವರ ಕಣ್ಣು ತುಂಬಿತ್ತು. ಬೈಯಬೇಕೆಂದು ನಿಂತ ನಾನು ಬೈಯಲಿಲ್ಲ.

‘ಆಕೆ ಕೇಳಿದ್ದು ನಿಜ,’ ಎಂದರು. ‘ಹೂಂ ಅಂದಿದ್ರೆ ಸಾಕಿತ್ತು.’

ಕೆಳಗೆ ಮಗಳಿಗೆ ಅದು ಕೇಳಿಸಿತು. ಅವಳು ತಿರುಗಿ ನೋಡಲಿಲ್ಲ.