ಹುಳುಮನೆಯ ಕಡೆಗಿನ ಕಿಟಕಿ

ನಾನು ಮೇಲೂರಿನಲ್ಲಿ ಮನೆ ಅಳಿಯ. ಮಂಚೇನಹಳ್ಳಿ ಕಡೆಯವನು, ಚಿಂತಾಮಣಿಯ ಕಾಲೇಜೊಂದರಲ್ಲಿ ಇತಿಹಾಸ ಪಾಠ ಮಾಡುತ್ತೇನೆ. ಹೆಂಡತಿ ಒಬ್ಬಳೇ ಮಗಳು, ಹಿಪ್ಪುನೇರಳೆ ತೋಟ ಇಲ್ಲಿದೆ, ಆದ್ದರಿಂದ ನಾನೂ ಇಲ್ಲಿದ್ದೇನೆ. ಮದುವೆಯಾಗಿ ಬರುವಾಗ ಪುಸ್ತಕಗಳ ಜೊತೆ ಒಂದು ಬಿಸ್ಕತ್ತಿನ ಡಬ್ಬಿ ತಂದಿದ್ದೆ. ಅದರ ತುಂಬ ಕಿರುಬೆರಳ ತುದಿಯಷ್ಟು ಎತ್ತರದ ಪ್ಲಾಸ್ಟಿಕ್ ಸೈನಿಕರು.

ಅವರನ್ನು ಸೈನಿಕರಾಗಿಯೇ ಬಿಡಲು ನನಗೆ ಇಷ್ಟವಿಲ್ಲ. ಬ್ಲೇಡಿನಿಂದ ಬಂದೂಕು ಕೊಯ್ದು ತೆಗೆಯುತ್ತೇನೆ. ಕಾಯಿಸಿದ ಸೂಜಿ ಮುಟ್ಟಿಸಿ ಮೊಣಕೈ ಬಗ್ಗಿಸುತ್ತೇನೆ. ಪೈಪಿನ ತೂತು ಮುಚ್ಚುವ ಪುಟ್ಟಿಯನ್ನು ತೆಳ್ಳಗೆ ತಟ್ಟಿ ಪಂಚೆ ಉಡಿಸುತ್ತೇನೆ, ಸೆರಗು ಹೊದಿಸುತ್ತೇನೆ. ಬಾಂಬು ಎಸೆಯಲು ಎತ್ತಿದ್ದ ಕೈ, ಹುಳುವಿಗೆ ಸೊಪ್ಪು ಹಾಕುವ ಹೆಂಗಸಿನ ಕೈಯಾಗುತ್ತದೆ. ಆಮೇಲೆ ಬಣ್ಣ.

ಬಣ್ಣದ ಜೊತೆಗೆ, ಅದನ್ನು ತೆಳು ಮಾಡಲು, ಒಣಗಿದ ಕುಂಚ ತೊಳೆಯಲು ಥಿನ್ನರ್. ತೊಂದರೆ ಅದರದು. ರೇಷ್ಮೆ ಹುಳು ಸಾಕುವಲ್ಲಿ ಊದುಬತ್ತಿ ಕೂಡ ಹಚ್ಚುವುದಿಲ್ಲ, ಗಾಟು ವಾಸನೆ ಹುಳುವಿಗೆ ವಿಷ. ನನ್ನ ಮಹಡಿ ಕೋಣೆಯ ಕಿಟಕಿ ಹುಳುಮನೆಯ ಕಡೆಗೇ ತೆರೆಯುತ್ತದೆ. ಹುಳು ಇರುವಷ್ಟು ದಿನ ನೀರಿನ ಬಣ್ಣ ಮಾತ್ರ ಎಂದು ಮಾವನಿಗೆ ನಾನೇ ಮಾತು ಕೊಟ್ಟಿದ್ದೆ.

ಹೋದ ವರ್ಷ, ಇನ್ನೇನು ಹುಳು ಹಣ್ಣಾಗಿ ಗೂಡು ಕಟ್ಟಬೇಕು ಅನ್ನುವಾಗ, ಒಂದು ಬೆಳಗ್ಗೆ ಅರ್ಧಕ್ಕರ್ಧ ಹುಳು ಸೊಪ್ಪು ಮುಟ್ಟದೆ ತಲೆ ಎತ್ತಿಕೊಂಡು ನಿಂತುಬಿಟ್ಟಿತ್ತು. ಸಂಜೆಯೊಳಗೆ ಉಳಿದದ್ದೂ ಹೋಯಿತು. ಮಾವ ಮಂಕರಿಯಲ್ಲಿ ತುಂಬಿ ಗುಂಡಿಗೆ ಸುರಿದು, ಕೈಕಾಲು ತೊಳೆದು ಬಂದು ಜಗಲಿಯ ಮೇಲೆ ಕುಳಿತರು.

“ಪಕ್ಕದ ದ್ರಾಕ್ಷಿ ತೋಟಕ್ಕೆ ಔಷಧಿ ಹೊಡೆದಿದ್ರು. ಗಾಳಿ ಈ ಕಡೆಗೇ ಇತ್ತು,” ಅಂದರು. ಯಾರೂ ಕೇಳಿರಲಿಲ್ಲ. ನನ್ನ ಕಡೆ ತಿರುಗಿ ಅಂದರು.

“ಮಾವ, ನಾನು ಥಿನ್ನರ್ ಬಾಟ್ಲಿ ತೆಗೆದಿರ್ಲಿಲ್ಲ.”

“ಅಯ್ಯೋ, ನಿಮ್ಮನ್ನ ಯಾರು ಕೇಳಿದ್ರು ಅಳಿಯಂದ್ರೇ? ಬಿಡಿ, ಬಿಡಿ.”

ಹೆಂಡತಿಯ ಅಜ್ಜಿ ಕಂಬಕ್ಕೆ ಒರಗಿ ಎಲೆಯಡಿಕೆ ಕುಟ್ಟುತ್ತಿದ್ದರು. “ಇದೇ ಮಗ ಆಗಿದ್ದಿದ್ರೆ ಇಷ್ಟೊತ್ತಿಗೆ ಪೊರಕೇಲಿ ಬೀಳ್ತಿತ್ತು. ಅಳಿಯ ದೇವ್ರಲ್ವಾ, ಮಂಗಳಾರತಿ ಎತ್ರಪ್ಪ.”

“ನೀನು ಸುಮ್ನಿರಮ್ಮ,” ಎಂದು ಮಾವ ಗದರಿದರು.

ಆ ಪೊರಕೆ ಏಟು ಬಿದ್ದಿದ್ದರೇ ಚೆನ್ನಾಗಿತ್ತು ಎಂದು ಈಗಲೂ ಅನಿಸುತ್ತದೆ. ಬೈದರೆ ಎದುರಾಡಬಹುದು, ಜಗಳವಾಡಿ ಮುಗಿಸಬಹುದು. ಈ ಮನೆಯಲ್ಲಿ ಅಳಿಯನನ್ನು ಬೈಯುವ ಪದ್ಧತಿಯಿಲ್ಲ. ಯಾರೂ ಹೊರಿಸದ ತಪ್ಪನ್ನು ಅಲ್ಲಗಳೆಯುವುದು ಹೇಗೆ?

ಅಲ್ಲಗಳೆಯಲು ನನಗೇ ಧೈರ್ಯವಿಲ್ಲ ಎಂಬುದು ಇನ್ನೊಂದು. ಹುಳು ಸಾಯುವ ಹಿಂದಿನ ಮಧ್ಯಾಹ್ನ, ಸೊಪ್ಪು ಹಾಕುವ ಆ ಗೊಂಬೆ ಹೆಂಗಸಿನ ಸೀರೆಗೆ ಕೆಂಪು ಹಚ್ಚಿದ್ದು ನೆನಪಿದೆ. ಕುಂಚ ಒಣಗಿ ಕಡ್ಡಿಯಾಗಿದ್ದೂ ನೆನಪಿದೆ. ಅದನ್ನು ಯಾವುದರಲ್ಲಿ ಅದ್ದಿದೆ? ನೀರಿನ ಲೋಟ ಕಣ್ಣಿಗೆ ಕಟ್ಟುತ್ತದೆ, ಆದರೆ ಆ ಲೋಟ ಯಾವತ್ತೂ ಅಲ್ಲೇ ಇರುತ್ತದೆ. ಥಿನ್ನರಿನ ವಾಸನೆಯೂ ಮೂಗಿಗೆ ಬರುತ್ತದೆ. ಅದು ಆ ಮಧ್ಯಾಹ್ನದ್ದೋ, ಆಮೇಲೆ ಮನೆಯವರ ಮುಖ ನೋಡಿ ನಾನು ಸೇರಿಸಿಕೊಂಡದ್ದೋ, ಹೇಳಲಾರೆ. ದಿನಚರಿಯಲ್ಲಿ ಸೀರೆ ಮುಗಿಯಿತು ಎಂದಷ್ಟೇ ಬರೆದಿದ್ದೇನೆ. ಸಾಕ್ಷಿಯಿಲ್ಲದ್ದನ್ನು ನಂಬಬೇಡಿ ಎಂದು ತರಗತಿಯಲ್ಲಿ ಹೇಳುವವನಿಗೆ ತನ್ನದೇ ಒಂದು ಮಧ್ಯಾಹ್ನ ಕೈಗೆ ಸಿಗುತ್ತಿಲ್ಲ.

ಮುಂದಿನ ಬೆಳೆಗೆ ಮರಿಹುಳು ತರುವ ಮುಂಚೆ ಮಾವ ತೋಟದ ಕೊನೆಯ ಪಂಪ್ ಮನೆಗೆ ಸುಣ್ಣ ಬಳಿಸಿ, ಟ್ಯೂಬ್‌ಲೈಟು, ಫ್ಯಾನು ಹಾಕಿಸಿದರು. “ನಿಮ್ಮ ಗೊಂಬೆ ಕೆಲಸಕ್ಕೆ ಪ್ರಶಾಂತವಾಗಿರುತ್ತೆ. ಮನೇಲಿ ಸಂತೆ ಗಲಾಟೆ,” ಅಂದರು.

ಹೋದರೆ ತಪ್ಪು ಒಪ್ಪಿಕೊಂಡಂತೆ. ಹೋಗದಿದ್ದರೆ ಇನ್ನೊಂದು ಬೆಳೆಯನ್ನು ನನ್ನ ಹಟಕ್ಕೆ ಒಡ್ಡಿದಂತೆ. ಹೆಂಡತಿಯನ್ನು ಕೇಳಿದೆ: “ನಿಜ ಹೇಳು, ನನ್ನಿಂದ್ಲೇ ಆಗಿದ್ದು ಅಂತ ನಿಂಗೂ ಅನ್ಸುತ್ತಾ?”

“ಅಪ್ಪ ಫ್ಯಾನು ಹಾಕ್ಸಿದಾರಲ್ಲ ರೀ, ಸೆಕೆ ಆಗಲ್ಲ.”

“ನಾನು ಕೇಳಿದ್ದು ಅದಲ್ಲ ಕಣೇ.”

“ಗೊತ್ತು,” ಅಂದು ಬಟ್ಟೆ ಮಡಿಸತೊಡಗಿದಳು.

ಹೋದೆ. ಮೋಟಾರು ಓಡುವಾಗ ಅಲ್ಲಿ ಮೇಜು ನಡುಗುತ್ತದೆ, ಗೊಂಬೆಗೆ ಕಣ್ಣು ಬರೆಯಲಾಗುವುದಿಲ್ಲ. ಸುಮ್ಮನೆ ಕೂರುತ್ತಿದ್ದೆ. ಒಂದು ದಿನ ಹಾಗೆ ಕೂತಾಗ ಹೊಳೆಯಿತು: ಈ ಸಲವೂ ಹುಳು ಸತ್ತರೆ ನಾನು ನಿರ್ದೋಷಿ. ಮಾವ ಸೊಪ್ಪಿನ ಹೊರೆ ಹೊತ್ತು ಬಾಗಿಲ ಮುಂದೆಯೇ ಹಾದುಹೋದರು. ನನಗೆ ಮುಖ ಎತ್ತಲಾಗಲಿಲ್ಲ.

ಬೆಳೆ ಚೆನ್ನಾಗಿ ಬಂತು. ಶಿಡ್ಲಘಟ್ಟದ ಮಾರುಕಟ್ಟೆಗೆ ಗೂಡು ಹಾಕಿ ಬಂದ ಮಾವ ಮೈಸೂರುಪಾಕು ತಂದಿದ್ದರು. ಮೊದಲ ತುಂಡು ನನಗೇ ಕೊಟ್ಟರು. “ಗೂಡು ಕಲ್ಲಿದ್ದಂಗಿತ್ತು ಅಳಿಯಂದ್ರೇ! ಮುಟ್ಟಿದೋರೆಲ್ಲ ಭೇಷ್ ಅಂದ್ರು.”

“ಒಬ್ಬೊಬ್ರಿಗೆ ಒಂದೊಂದು ಜಾಗ ಒಪ್ಪುತ್ತಪ್ಪ,” ಅಂದರು ಅಜ್ಜಿ. ಎಲ್ಲರೂ ನಕ್ಕರು. ನಾನೂ ನಕ್ಕೆ. ಅಷ್ಟು ಸಂತೋಷದಲ್ಲಿ ತೀರ್ಪು ಕೇಳಿಸಿಕೊಂಡವನು ಇನ್ನೇನು ಮಾಡಿಯಾನು?

“ಮಳೆಗಾಲಕ್ಕೆ ಮುಂಚೆ ಪಂಪ್ ಮನೆಗೆ ಒಂದು ಮಂಚಾನೂ ಹಾಕ್ಸಣ,” ಅಂದರು ಮಾವ, ಮನಸಾರೆ.

“ಹಾಕ್ಸಣ ಮಾವ,” ಅಂದೆ.