ಸಂಬಳವನ್ನು ಕೆಳಗಿಡು

ಸಂಬಳದ ಕವರಿಗೆಂದು ಚಾಚಿದ್ದ ಕೈಯನ್ನು ಅತ್ತೆ ಕಾದ ಹಂಚು ಮುಟ್ಟಿದವರಂತೆ ಹಿಂದಕ್ಕೆ ಎಳೆದುಕೊಂಡರು. ತಪ್ಪು ನನ್ನದೇ. ನ್ಯಾಮತಿಯ ಶಾಲೆಯೊಂದರಲ್ಲಿ ಇಂಗ್ಲಿಷ್ ಕಲಿಸುವ ನಾನು, ಅಂದು ಮಕ್ಕಳಿಗೆ ಹೇಳಿದ್ದನ್ನು ಕವರ್ ಕೊಡುತ್ತಾ ಅತ್ತೆಗೂ ಹೇಳಿದ್ದೆ: ‘ಸ್ಯಾಲರಿ’ ಎಂಬ ಪದ ಹುಟ್ಟಿದ್ದು ಲ್ಯಾಟಿನ್ನಿನಲ್ಲಿ ಉಪ್ಪಿಗಿರುವ ಹೆಸರಿನಿಂದ.

“ಉಪ್ಪಾ? ಇದನ್ನ ಮೊದ್ಲೇ ಹೇಳಾಕೆ ಏನಾಗಿತ್ತು ನಿಂಗೆ? ಉಪ್ಪನ್ನ ಕೈಯಿಂದ ಕೈಗೆ ಕೊಟ್ರೆ ಜಗಳ ಆಗ್ತೈತೆ. ಮೂರು ವರ್ಷದಿಂದ ಸಂಬಳದ ದಿನಾನೇ ನಾವಿಬ್ರೂ ಯಾಕೆ ಕಚ್ಚಾಡ್ತೀವಿ ಅಂತ ಈಗ ಗೊತ್ತಾತು ನೋಡು. ಕೆಳಗಿಡು.”

ಪದದ ಮೂಲ ಬೇರೆ, ಕೈಯಲ್ಲಿರುವ ನೋಟು ಬೇರೆ ಎಂದು ವಿವರಿಸಲು ಬಾಯಿ ತೆರೆದೆ. ಜಗಳ ಶುರುವಾಗುವುದೇ ಹೀಗೆ ಎಂದು ಹೊಳೆಯಿತು. ಕವರನ್ನು ನೆಲದ ಮೇಲಿಟ್ಟೆ. ಅತ್ತೆ ಬಗ್ಗಿ ಎತ್ತಿಕೊಂಡರು. ಪಕ್ಕದಲ್ಲಿ ನಗು ತಡೆಯುತ್ತಾ ಕೂತಿದ್ದ ನನ್ನ ಗಂಡನಿಗೂ, “ನಿಂದೂ ಇನ್ಮೇಲೆ ಇಲ್ಲೇ ಇಡು” ಎಂದು ಅಪ್ಪಣೆಯಾಯಿತು.

ಇದಾಗಿ ಐದು ತಿಂಗಳು. ಸಂಬಳದ ದಿನ ನಮ್ಮ ಮನೆಯಲ್ಲಿ ಯಾರ ದನಿಯೂ ಏರಿಲ್ಲ. ಮಾರನೇ ದಿನದ ಜಗಳಕ್ಕೆ ಯಾವ ಪದದ ಮೂಲ ಕಾರಣವೋ, ನಿಘಂಟು ತಿರುವುತ್ತಿದ್ದೇನೆ.