ಅನ್ವರಿ ನರ್ಸಮ್ಮ, ನೀಲಗಂಗಮ್ಮನ ಕುರ್ಚಿ

ಗೂಗಲ್ ಎಂಬ ಊರಿನ ಹೊಳೆದಂಡೆಯಲ್ಲಿ ಹರಗೋಲು ಹಾಕುತ್ತಿದ್ದ ಬಂದೇನವಾಜ್ ಎಂಬಾತ ಅನ್ವರಿ ಬೇಗಂಳ ಮುತ್ತಜ್ಜ. ಕೃಷ್ಣೆ ಎರಡೂ ದಂಡೆ ನುಂಗಿ ಹರಿಯುತ್ತಿದ್ದಾಗ ಮದುಮಗ, ಬೀಗರು, ಹಲಗೆಯವರು, ಒಂದು ಮೇಕೆ ಸಹಿತ ಇಡೀ ದಿಬ್ಬಣವನ್ನು ಒಂದೇ ಖೇಪಿಗೆ ದಾಟಿಸಿದ ಗಂಡಸು. ಆ ಮೇಕೆ ಮಾತ್ರ ಆಮೇಲೆ ಬಾನಿಯ ನೀರು ಕಂಡರೂ ಹಿಂದಕ್ಕೆ ಜಗ್ಗುತ್ತಿತ್ತಂತೆ. ಆತನ ಸೊಸೆ ಇಮಾಮ್ ಬೀ ಮಸರಕಲ್ಲಿನ ಸೂಲಗಿತ್ತಿ. ಸಂತೆಗೆ ಹೊರಟ ಬಂಡಿಯಲ್ಲೇ ಹೆರಿಗೆ ಮಾಡಿಸಿ, ಬಂಡಿ ಸಂತೆ ಮುಟ್ಟುವುದರೊಳಗೆ ಕೂಸಿಗೆ ಹೆಸರನ್ನೂ ಸೂಚಿಸಿ ಕೈ ತೊಳೆದುಕೊಂಡವಳು. ಆಕೆಯ ಮಗ ನಬೀಸಾಬ್ ನಿಜಾಮರ ಕಾಲದಲ್ಲಿ ದೇವದುರ್ಗದ ಕಚೇರಿಯ ಜವಾನ. ಕಟ್ಲೆಗೆ, ಅಂದರೆ ವ್ಯಾಜ್ಯಕ್ಕೆ, ಬಂದವರ ಹೆಸರು ಕೂಗುವುದು ಅವನ ಕೆಲಸ. ಆತ ಒಳಗೆ ನಿಂತು ಕೂಗಿದರೆ ಹೊರಗೆ ಬಜಾರದಲ್ಲಿ ಮೆಣಸಿನಕಾಯಿ ತೂಗುತ್ತಿದ್ದವರು ತಕ್ಕಡಿ ಬಿಟ್ಟು ಎದ್ದು ನಿಲ್ಲುತ್ತಿದ್ದರು.

ಬೀಜದಂತೆ ಬೆಳೆ. ಅಜ್ಜಿಯ ಕೈ, ಅಪ್ಪನ ಗಂಟಲು ಎರಡನ್ನೂ ಇಸಿದುಕೊಂಡು ಹುಟ್ಟಿದವಳು ಅನ್ವರಿ. ಕೈ ಮಾನ್ವಿ, ದೇವದುರ್ಗದ ಆಸ್ಪತ್ರೆಗಳಲ್ಲಿ ನರ್ಸಾಗಿ ದುಡಿಯಿತು. ಗಂಟಲಿಗೆ ಕೆಲಸ ಸಿಕ್ಕಿದ್ದು ಪೆನ್ಶನ್ ಆದಮೇಲೆ.

ರಾಯಚೂರಿನ ವಕೀಲ ಶಂಭುಲಿಂಗಪ್ಪನವರು ಲಾರಿ, ಬಸ್ಸು ಬಡಿದವರ ಪರಿಹಾರದ ಕೇಸು ಹಿಡಿಯುವವರು. ಗಾಯಗೊಂಡ ಗಂಡಸರು ಕೇಳುವ ಮೊದಲೇ ಅಂಗಿ ಬಿಚ್ಚಿ ತೋರಿಸುತ್ತಿದ್ದರು. ಹೆಣ್ಣುಮಕ್ಕಳದೇ ಪೇಚು. ಎಲ್ಲಿ ನೋವವ್ವಾ ಎಂದರೆ, ‘ಇಲ್ಲೇರಿ’ ಎಂದು ಸೆರಗಿನೊಳಗಿಂದ ಉತ್ತರ. ಸೊಂಟದಿಂದ ಮೊಣಕಾಲಿನವರೆಗಿನ ಎಲುಬಿಗೆಲ್ಲ ಅವರು ಇಟ್ಟ ಹೆಸರು ಅದೊಂದೇ. ಹಾಗಂತ ಅರ್ಜಿಯಲ್ಲಿ ಬರೆದರೆ ಯಾವ ಕೋರ್ಟು ಪರಿಹಾರ ಕೊಟ್ಟೀತು? ವಕೀಲರು ತಲೆ ಕೆರೆದುಕೊಂಡು ಅನ್ವರಿಯನ್ನು ಕರೆಸಿದರು.

ಆಕೆ ಹೆಂಗಸರನ್ನು ವಕೀಲರ ಮನೆಯ ಹಿತ್ತಲ ಕಟ್ಟೆಗೆ ಕರೆದೊಯ್ದು, ಬೆಳ್ಳುಳ್ಳಿ ಸುಲಿಯಲು ಕೊಟ್ಟು, ತಾನೂ ಸುಲಿಯುತ್ತ, ದಖನಿ ಉರ್ದುವಿನವರಿಗೆ ದಖನಿ, ಕನ್ನಡದವರಿಗೆ ಕನ್ನಡ ಮಾತಾಡಿಸುತ್ತಿದ್ದಳು. ಬೆಳ್ಳುಳ್ಳಿ ತೀರುವುದರೊಳಗೆ ನೋವಿನ ಊರು, ಕೇರಿ ಎಲ್ಲ ಗೊತ್ತಾಗಿರುತ್ತಿತ್ತು. ಆಸ್ಪತ್ರೆಯ ಕಾಗದ ಓದಿ, ಡಾಕ್ಟರು ಸಾಕ್ಷಿಗೆ ಬಂದಾಗ ಏನು ಕೇಳಬೇಕೆಂದು ವಕೀಲರಿಗೆ ತಿಳಿಸುವುದೂ ಆಕೆಯ ಪಾಲಿನದೇ. ವಕೀಲರ ಹೆಂಡತಿ ಶರಣಮ್ಮ ಮಾತ್ರ ಕಾಡುತ್ತಿದ್ದಳು: “ಅನ್ವರೀ, ನೀ ಬಂದಾಗಿಂದ ನಮ್ಮ ಮನ್ಯಾಗ ಪಾಯಸ ಒಂದಕ್ಕ ಬೆಳ್ಳುಳ್ಳಿ ಹಾಕಿಲ್ಲ ನೋಡು.”

ಕೋರ್ಟಿನೊಳಗೆ ಮಾತ್ರ ಆಕೆ ತುಟಿ ಬಿಚ್ಚುವಂತಿರಲಿಲ್ಲ. ಒಮ್ಮೆ ಸಾಕ್ಷಿಯೊಬ್ಬ ಬಲಗಾಲಿನ ಗಾಯವನ್ನು ಎಡಗಾಲಿಗೆ ಹೇಳಿದಾಗ, ಈಕೆ ಬೆಂಚಿನಿಂದಲೇ, “ಲೇ, ಆ ಕಾಲಲ್ಲ, ಆಚೀದು” ಎಂದು ತಿದ್ದಿದ್ದಳು. ಮೈಸೂರು ಕಡೆಯ ಜಡ್ಜ್ ಸಾಹೇಬರು ಕನ್ನಡಕ ಕೆಳಗಿಳಿಸಿ, “ಇನ್ನೊಮ್ಮೆ ಆ ದನಿ ಕೇಳಿದರೆ ಈ ಹೆಂಗಸು ನನ್ನ ಕೋರ್ಟಿಗೆ ಬರಕೂಡದು” ಎಂದಿದ್ದರು.

ಎಂಬತ್ತೆರಡನೆಯ ಇಸವಿಯಲ್ಲಿ ಜಾಲಹಳ್ಳಿಯ ನೀಲಗಂಗಮ್ಮನ ಕೇಸು ಬಂತು. ಹೊಲದಿಂದ ಬರುತ್ತಿದ್ದ ಅವಳ ಬಂಡಿಗೆ ಲಾರಿ ಬಡಿದು ಸೊಂಟದ ಕೆಳಗೆ ಚಪ್ಪೆಯ ಎಲುಬು ಮುರಿದಿತ್ತು. ಎಲುಬು ಕೂಡಿತ್ತು, ಆದರೆ ಸೊಟ್ಟಗೆ ಕೂಡಿತ್ತು. ಕಳೆ ತೆಗೆಯಲು ಕೂರುವಂತಿಲ್ಲ, ಕೊಡ ಹೊತ್ತು ನಡೆಯುವಂತಿಲ್ಲ. ಗಂಡ ತೀರಿಕೊಂಡಿದ್ದ, ಎರಡು ಕೂಸುಗಳ ಹೊಟ್ಟೆ ಆ ಪರಿಹಾರದ ದಾರಿ ನೋಡುತ್ತಿತ್ತು. ಬಹಳ ಹೊತ್ತು ನಿಂತರೆ ಕಾಲು ಸೆಟೆಯುತ್ತದೆ, ಕುರ್ಚಿ ಕೇಳಿರಿ ಎಂದು ಅನ್ವರಿ ಮೊದಲೇ ವಕೀಲರಿಗೆ ಹೇಳಿಟ್ಟಿದ್ದಳು. ಅವಳು ಸಾಕ್ಷಿ ಹೇಳುವ ದಿನ ಜಡ್ಜ್ ಸಾಹೇಬರು ಕುರ್ಚಿ ಕೊಡಿಸಿದರು. ನೀಲಗಂಗಮ್ಮ ಕೂರಲಿಲ್ಲ.

“ಕೂತ್ಕೊಳಮ್ಮ.”

“ಇರ್ಲಿರಿ.”

ವಿಮೆ ಕಂಪನಿಯ ವಕೀಲ ವೆಂಕಣ್ಣನವರ ಮುಖ ಹುಣ್ಣಿಮೆಯಾಯಿತು. “ಮಹಾಸ್ವಾಮಿ ನೋಡಬೇಕು. ಕುರ್ಚಿ ಕೊಟ್ರೂ ಬ್ಯಾಡ ಅಂತಾರ. ಚಪ್ಪಿ ಮುರದವ್ರು ಕಂಬದಂಗ ನಿಂತಾರ.” ಆಮೇಲೆ ಆ ಪುಣ್ಯಾತ್ಮ ಪ್ರಶ್ನೆಗಳನ್ನು ಶಾವಿಗೆಯಂತೆ ಎಳೆಯತೊಡಗಿದ. ಅವಳು ನಿಂತಷ್ಟೂ ಅವನಿಗೆ ಲಾಭ.

ಹೊಲದ ಬದುವಿನ ಕೇಸಿನ ವಾಯಿದೆಗೆಂದು ಹೋಗಿದ್ದ ನಾನು ಅಂದು ಹಿಂದಿನ ಬೆಂಚಿನಲ್ಲಿದ್ದೆ. ಗಂಟು ಎಲ್ಲಿದೆ ಎಂಬುದು ನಮಗೆ ಊರ ಮಂದಿಗೆಲ್ಲ ಕಾಣುತ್ತಿತ್ತು. ಮುಂದಿನ ಬೆಂಚಿನಲ್ಲಿ, ಹೊಸ ರುಮಾಲು ಸುತ್ತಿ, ಮೀಸೆಗೆ ಎಣ್ಣೆ ಹಚ್ಚಿ, ತೊಡೆಯ ಮೇಲೆ ರೊಟ್ಟಿ ಗಂಟಿಟ್ಟುಕೊಂಡು ಅವಳ ಮಾವ ಮುದುಕಪ್ಪ ಕುಳಿತಿದ್ದ. ಮಾವನೆದುರು ಸೊಸೆ ಕೂರುವುದುಂಟೇ? ಕೋರ್ಟಾದರೇನು, ಕೈಲಾಸವಾದರೇನು?

ಅನ್ವರಿ ಬೆಂಚಿನ ಮೇಲೆ ಸರಿದು ಸರಿದು ಅವನ ಕಿವಿಯ ಹತ್ತಿರ ಹೋದಳು. “ಯಪ್ಪಾ, ಒಂದೀಟು ಹೊರಗ ನಡಿ. ನೀ ಇರೋತನಕ ಆಕಿ ಕುಂದ್ರಂಗಿಲ್ಲ.”

“ನಾ ಯಾಕ ಹೋಗ್ಲಿ? ಸೊಸಿ ನಂದು, ಬಂಡಿ ನಂದು, ಎತ್ತು ನಂದು.”

“ಕೇಸು ಹೋಗ್ತದ.”

“ನಾ ಎದ್ದು ಹೋದ್ರ, ಮುದುಕಪ್ಪ ಲಾರಿಯವಗ ಹೆದರಿ ಓಡ್ದ ಅಂತ ಜಾಲಹಳ್ಳಿ ಬಸ್ಸಿನ ತುಂಬ ಮಾತಾಗ್ತದ.”

ಸ್ವಲ್ಪ ಹೊತ್ತು ಮೀಸೆ ಅಗಿದ ಮುದುಕಪ್ಪ ತನಗೆ ತೋಚಿದ ದಾರಿ ಹಿಡಿದ. ಎದ್ದು ನಿಂತು, ಜಡ್ಜ್ ಸಾಹೇಬರಿಗೆ ಬೆನ್ನು ಮಾಡಿ, ನಮ್ಮತ್ತ ಮುಖ ತಿರುಗಿಸಿ ರೊಟ್ಟಿ ಗಂಟು ಅಪ್ಪಿಕೊಂಡು ನಿಂತ. ನೀಲಗಂಗಮ್ಮ ಕುರ್ಚಿಯ ಕೈ ಹಿಡಿದು, ಒಂದು ಕಾಲು ಚಾಚಿ, ಮೆಲ್ಲಗೆ ಕುಳಿತಳು.

ಕೋರ್ಟಿನ ಜವಾನ ಹನುಮಂತ್ರಾಯನಿಗೆ ಈ ಒಳಸುಳಿ ಏನು ಗೊತ್ತು? ಓಡಿ ಬಂದು, “ಕೋರ್ಟಿಗೆ ಬೆನ್ನ ಮಾಡ್ತಿಯೇನೋ ಮುದ್ಯಾ” ಎಂದು ಅವನ ಭುಜ ಹಿಡಿದು ತಿರುಗಿಸಿದ. ಮಾವನ ಮುಖ ಕಂಡದ್ದೇ ನೀಲಗಂಗಮ್ಮ ಎದ್ದಳು. ಮುದುಕಪ್ಪ ಮತ್ತೆ ಹೊರಳಿದ, ಅವಳು ಕುಳಿತಳು. ಹನುಮಂತ್ರಾಯ ಮತ್ತೆ ತಿರುಗಿಸಿದ, ಅವಳು ಎದ್ದಳು. ಬೀಸುವ ಕಲ್ಲಿನಂತೆ ಮುದುಕಪ್ಪ ತಿರುಗುತ್ತಿದ್ದ. ನಾವು ಶಲ್ಯ ಬಾಯಿಗೆ ತುರುಕಿಕೊಂಡು ನಗುತ್ತಿದ್ದೆವು. ಮತ್ತೊಮ್ಮೆ ಏಳಹೋದಾಗ ನೀಲಗಂಗಮ್ಮನ ಕಾಲು ಸೆಟೆದು, “ಯವ್ವಾ” ಎಂಬ ಸಣ್ಣ ದನಿ ಬಂತು. ನಾವು ಶಲ್ಯವನ್ನು ಬಾಯಿಂದ ತೆಗೆದು ಹೆಗಲಿಗೆ ಹಾಕಿಕೊಂಡೆವು.

“ಆ ಮುದುಕನ್ನ ತಿರುಗಿಸಬ್ಯಾಡ್ರೋ” ಎಂದಳು ಅನ್ವರಿ. ಅಪ್ಪನ ಗಂಟಲು. ಕಿಟಕಿಯ ಮೇಲಿನ ಪಾರಿವಾಳಗಳು ಹಾರಿದವು. ಹನುಮಂತ್ರಾಯ ಕೈ ಬಿಟ್ಟ, ಮುದುಕಪ್ಪ ಮತ್ತೆ ನಮ್ಮತ್ತ ಹೊರಳಿದ.

ಜಡ್ಜ್ ಸಾಹೇಬರ ಪೆನ್ನು ನಿಂತಿತು. “ನಿಮಗೆ ಏನು ಹೇಳಿದ್ದೆ?”

“ಬರಬ್ಯಾಡ ಅಂದಿದ್ರಿ ಸಾಹೇಬ್ರ. ಹೋಗ್ತೀನಿ. ಆದ್ರ ಆತ ಆಕಿ ಮಾವ. ಆತನ ಮುಖ ಈ ಕಡೆ ಇರೋತನಕ ಆಕಿ ಕುಂದ್ರಂಗಿಲ್ಲ. ಆ ಕಾಲು ನಿಂದ್ರಾಕ ಬಿಡಂಗಿಲ್ಲ. ಈಗ ನೀವೇ ನೋಡಿದ್ರಿ.” ಚೀಲ ಹೆಗಲಿಗೇರಿಸಿ ಬಾಗಿಲಿನತ್ತ ನಡೆದೇಬಿಟ್ಟಳು.

ಜಡ್ಜ್ ಸಾಹೇಬರು ಮುದುಕಪ್ಪನ ಬೆನ್ನನ್ನೊಮ್ಮೆ, ಕುರ್ಚಿ ಹಿಡಿದು ನಡುಗುತ್ತಿದ್ದವಳನ್ನೊಮ್ಮೆ ನೋಡಿದರು. “ಹಿರಿಯರು ಹಾಗೇ ನಿಂತಿರಲಿ. ನರ್ಸಮ್ಮ, ನೀವು ಬಂದು ಆಕೆಯನ್ನ ಕೂರಿಸಿ. ಏನ್ರೀ ವೆಂಕಣ್ಣ, ಪ್ರಶ್ನೆ ಇದೆಯೇ?”

ವೆಂಕಣ್ಣನವರು ಕಾಗದ ಮಡಚಿದರು. “ಇಲ್ಲ ಸ್ವಾಮಿ. ನಮ್ಮ ಮನ್ಯಾಗ ನಮ್ಮಾಕಿಗೂ ಇಂಥಾ ಒಬ್ಬ ಮಾವ ಇದ್ದಾರ.”

ತೀರ್ಪು ನೀಲಗಂಗಮ್ಮನ ಕಡೆಗೇ ಆಯಿತು. ಬಂದದ್ದರಲ್ಲಿ ಜಾಲಹಳ್ಳಿ ಬಸ್ ನಿಲ್ದಾಣದ ಹತ್ತಿರ ಕಿರಾಣಿ ಅಂಗಡಿ ಹಾಕಿ, ಎತ್ತರದ ಕುರ್ಚಿಯ ಮೇಲೆ ಕುಳಿತು ವ್ಯಾಪಾರ ಮಾಡಿದಳು. ಮಾವ ಬಂದಾಗ ಏಳುತ್ತಿದ್ದಳೇ ಎಂದು ಕೇಳಬೇಡಿ. ಆತನೇ ಅಂಗಡಿಯ ಹಿಂಬಾಗಿಲಿನಿಂದ ಬರುವುದನ್ನು ಕಲಿತ.

ಆದರೆ ಮುದುಕಪ್ಪನಿಗೆ ಕೋರ್ಟಿನ ರುಚಿ ಹತ್ತಿಬಿಟ್ಟಿತ್ತು. ಸುಗ್ಗಿಯಲ್ಲಿ ಸುಟ್ಟ ಎಳೆಜೋಳದ ಸೀತನಿ ಕಟ್ಟಿಕೊಂಡು ವಕೀಲರ ಹಿತ್ತಲಿಗೇ ಬಂದ. ಹೊಸ ರುಮಾಲು, ಅದೇ ಮೀಸೆ.

“ನರ್ಸಮ್ಮಾ, ಇನ್ನ ಮ್ಯಾಲ ಎಲ್ಲಾ ಕೇಸಿಗೂ ನಾ ಬರ್ತೀನಿ. ನೀ ಒಬ್ಬಾಕಿ ಎಷ್ಟಂತ ಬಡದಾಡ್ತಿ? ಹೆಣ್ಣಮಕ್ಕಳನ್ನ ನೀ ನೋಡ್ಕೊ, ಮಾವಂದಿರನ್ನ ನಾ ತಿರುಗಿಸ್ತೀನಿ. ಪುಕ್ಕಟೆ.”

ಅನ್ವರಿ ಸೀತನಿ ಬಾಯಿಗೆ ಹಾಕಿಕೊಂಡು, ಅಗಿದು, ನುಂಗಿ, ಹೇಳಿದಳು:

“ಬ್ಯಾಡ ಯಪ್ಪಾ. ನಿನ್ನೊಬ್ಬನ್ನ ಸಂಭಾಳಿಸೋದ್ರಾಗ ನನ್ನ ಕೋರ್ಟೇ ಹೋಗ್ತಿತ್ತು. ಸೀತನಿ ಇಟ್ಟು ಊರ ಬಸ್ ಹಿಡಿ. ಮಾವಂದಿರನ್ನೂ ನಾನೇ ನೋಡ್ಕೊಂತೀನಿ.”